ಮೀಟರ್ ಸರಿಯಿದೆ, ಮನೆ ಹೇಗಿದೆ?

ಪೇಸ್‌ಮೇಕರ್ ಜೊತೆಗೆ ಇನ್ನೊಂದು ಹೃದಯದ ಕಾಯಿಲೆಯನ್ನೂ ಸಾಕಿಕೊಂಡಿರುವವರಿಗೆ ಕಿವಿಮಾತು

ಆಮೇಲೆ ಕೆ.ಇ.ಬಿ. ಎಂದಾದ ವಿದ್ಯುತ್ ಬೋರ್ಡಿಗೆ 1970ರಲ್ಲಿ ಲೈನ್‌ಮನ್ ಆಗಿ ಸೇರಿದವನು ನಾನು. ನಿವೃತ್ತಿಯ ಹೊತ್ತಿಗೆ ಬೋರ್ಡು ಹೋಗಿ ಬೆಸ್ಕಾಂ ಬಂದಿತ್ತು. ತಿಪಟೂರು ಸೀಮೆಯ ನಮ್ಮ ಊರಿನವರಿಗೆ ಮಾತ್ರ ನಾನು ಈಗಲೂ ‘ಕೆಇಬಿ ತಾತ’. ಊರಿಗೆಲ್ಲ ಕರೆಂಟು ಕೊಟ್ಟವನಿಗೆ ಕೊನೆಗೆ ತನ್ನ ಎದೆಯ ಲೈನೇ ಕೈಕೊಟ್ಟಿತು. 2009ರಲ್ಲಿ ಬೈಪಾಸ್ ಆಯಿತು. 2014ರಲ್ಲಿ ತೋಟದಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ, ಪೇಸ್‌ಮೇಕರ್ ಬಂತು. 2018ರಲ್ಲಿ ಅದೇ ಪೇಸ್‌ಮೇಕರ್ ನನ್ನ ಇನ್ನೊಂದು ಕಾಯಿಲೆಯನ್ನು ಬಯಲು ಮಾಡಿತು. ಈಗ ನನಗೆ ಎಪ್ಪತ್ತಾರು.

ಈ ಪಟ್ಟಿ ಬರೆಯುವುದಕ್ಕೆ ಕಾರಣ 2021ರ ಒಂದು ತಪಾಸಣೆ. ಮಿಷನ್ ನೋಡುವ ಹುಡುಗ ಎದೆಯ ಮೇಲೆ ಯಂತ್ರ ಇಟ್ಟು ಐದು ನಿಮಿಷ ನೋಡಿ, “ಎಲ್ಲಾ ನಾರ್ಮಲ್ ಅಂಕಲ್” ಎಂದ. ಖುಷಿಯಲ್ಲಿ ಮನೆಗೆ ಬಂದೆ. ನಾಲ್ಕು ತಿಂಗಳಲ್ಲಿ ಚಪ್ಪಲಿ ಕಾಲಿಗೆ ಹಿಡಿಸದಷ್ಟು ಪಾದ ಊದಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಎಕೋ ಮಾಡಿಸಿದರೆ ಹೃದಯದ ಪಂಪಿಂಗ್ ಶೇ. 55ರಿಂದ 35ಕ್ಕೆ ಇಳಿದಿತ್ತು. ಕಾರಣ ಆ ದಿನದ ಚೀಟಿಯಲ್ಲೇ ಅಚ್ಚಾಗಿತ್ತು: ಹೃದಯದ ಬಲ ಕೆಳಕೋಣೆಯಲ್ಲಿ ಪೇಸಿಂಗ್, ಎಂದರೆ ಮಿಷನ್ ಬಡಿಸಿದ ಬಡಿತ, ಶೇ. 98. ಹುಡುಗ ಹೇಳಿದ್ದು ಸುಳ್ಳಲ್ಲ, ಮಿಷನ್ ನಾರ್ಮಲ್ಲೇ ಇತ್ತು. ಮೀಟರ್ ಸರಿಯಾಗಿ ಓಡುತ್ತಿದೆ ಎಂದ ಮಾತ್ರಕ್ಕೆ ಮನೆಯ ವೈರಿಂಗ್ ಸರಿಯಿದೆ ಎಂದಲ್ಲ ಎಂದು ಊರವರಿಗೆಲ್ಲ ಹೇಳುತ್ತಿದ್ದವನು ನಾನು. ನನ್ನ ವಿಷಯದಲ್ಲೇ ಅದನ್ನು ಮರೆತೆ.

ನಾನು ಡಾಕ್ಟರಲ್ಲ. ಮಾತ್ರೆ ಬದಲಿಸುವುದು, ಮಿಷನ್ ತಿದ್ದುವುದು ಅವರ ಕೆಲಸ. ಕೇಳುವುದು, ಬರೆದಿಡುವುದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತಲುಪಿಸುವುದು ನಮ್ಮ ಕೆಲಸ.

ಹೊರಡುವ ಮೊದಲು

• ‘ಬ್ಲಾಕ್’ ಎಂಬ ಮಾತಿಗೆ ಎರಡು ಅರ್ಥ ಇದೆ, ನಿಮ್ಮದು ಯಾವುದು ಎಂದು ತಿಳಿದುಕೊಳ್ಳಿ. ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಆಗುವುದು ಒಂದು. ಅದು ನೀರಿನ ಪೈಪು ಕಟ್ಟಿಕೊಂಡ ಹಾಗೆ. ಅದಕ್ಕೆ ಸ್ಟೆಂಟ್, ಬೈಪಾಸ್. ಹೃದಯದ ಮೇಲುಕೋಣೆಯಿಂದ ಕೆಳಕೋಣೆಗೆ ಹೋಗುವ ಕರೆಂಟು ಮಧ್ಯದಲ್ಲಿ ತಡೆಯಾಗುವುದು ಇನ್ನೊಂದು. ಅದಕ್ಕೆ ಪೇಸ್‌ಮೇಕರ್. ಒಬ್ಬರಿಗೇ ಎರಡೂ ಇರಬಹುದು, ನನಗಿದ್ದ ಹಾಗೆ. ಬರೀ ‘ನನಗೆ ಹಾರ್ಟಲ್ಲಿ ಬ್ಲಾಕ್’ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಎದುರಿನ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

• ನಿಮ್ಮೊಳಗಿರುವ ಯಂತ್ರದ ಹೆಸರು ನಿಮಗೆ ಗೊತ್ತಿರಲಿ. ಹೃದಯ ನಿಧಾನವಾದಾಗ ತಳ್ಳುವುದು ಪೇಸ್‌ಮೇಕರ್. ಪ್ರಾಣಕ್ಕೆ ಅಪಾಯ ತರುವ ವೇಗದ ಬಡಿತ ಬಂದರೆ ಶಾಕ್ ಕೊಟ್ಟು ನಿಲ್ಲಿಸುವುದು ಐಸಿಡಿ. ಹೃದಯದ ಎಡ, ಬಲ ಎರಡೂ ಕೆಳಕೋಣೆಗಳನ್ನು ಜೊತೆಯಾಗಿ ಬಡಿಸುವುದು ಸಿಆರ್‌ಟಿ. ಊರಲ್ಲಿ ಎಲ್ಲವನ್ನೂ ‘ಪೇಸ್‌ಮೇಕರ್’ ಎಂದೇ ಕರೆಯುತ್ತೇವೆ. ತಪಾಸಣೆಯಲ್ಲಿ ಒಂದೊಂದಕ್ಕೂ ನೋಡುವುದು ಬೇರೆ.

• ಕಾರ್ಡು ಸದಾ ಜೇಬಲ್ಲಿರಲಿ. ಕಂಪನಿ, ಮಾಡೆಲ್, ಹಾಕಿಸಿದ ದಿನ ಎಲ್ಲ ಅದರಲ್ಲಿರುತ್ತದೆ. ಮೆಡ್‌ಟ್ರಾನಿಕ್, ಅಬಾಟ್, ಬೋಸ್ಟನ್ ಸೈಂಟಿಫಿಕ್, ಬಯೋಟ್ರಾನಿಕ್ ಹೀಗೆ ಒಂದೊಂದು ಕಂಪನಿಯ ಮಿಷನ್ ಓದಲು ಅದದೇ ಕಂಪನಿಯ ಪ್ರೋಗ್ರಾಮರ್ ಬೇಕು. ಒಂದರ ಬೀಗಕ್ಕೆ ಇನ್ನೊಂದರ ಕೀಲಿ ಹಿಡಿಯುವುದಿಲ್ಲ. ಹಳೆಯ ಕಾರ್ಡಿನಲ್ಲಿ ಸೇಂಟ್ ಜೂಡ್ ಎಂದಿದ್ದರೆ ಗಾಬರಿ ಬೇಡ. 2017ರಲ್ಲಿ ಆ ಕಂಪನಿ ಅಬಾಟ್ ತೆಕ್ಕೆಗೆ ಬಂತು.

• ಬಸ್ಸು, ರೈಲು ಹತ್ತುವ ಮೊದಲು ಫೋನ್ ಮಾಡಿ, ‘ನನ್ನ ಕಂಪನಿಯ ಪ್ರೋಗ್ರಾಮರ್ ಆ ದಿನ ಇರುತ್ತದೆಯೇ?’ ಎಂದು ಕೇಳಿ. ಬೆಂಗಳೂರಿಗೇ ಬರಬೇಕೆಂದಿಲ್ಲ, ಜಯದೇವ ಹೃದ್ರೋಗ ಸಂಸ್ಥೆ ಮೈಸೂರು, ಕಲಬುರಗಿಗಳಲ್ಲೂ ಇದೆ. ಆದರೆ ಎಲ್ಲಿಗೆ ಹೋದರೂ ಈ ಫೋನ್ ತಪ್ಪಿಸಬೇಡಿ. ನೂರಿನ್ನೂರು ಕಿಲೋಮೀಟರ್ ಪ್ರಯಾಣ ಮಾಡಿ ಬರಿಗೈಯಲ್ಲಿ ಮರಳಿದವರನ್ನು ಬೇಕಾದಷ್ಟು ನೋಡಿದ್ದೇನೆ.

• ನೂರು ಪುಟದ ನೋಟ್‌ಬುಕ್ ಒಂದನ್ನು ಕೊಳ್ಳಿ. ನನ್ನ ಮಟ್ಟಿಗೆ ಅದು ಪೇಸ್‌ಮೇಕರಿನಷ್ಟೇ ದೊಡ್ಡ ಚಿಕಿತ್ಸೆ. ಮೊದಲ ಪುಟದಲ್ಲಿ ನಿಮ್ಮ ಕಾಯಿಲೆಗಳ ಪಟ್ಟಿ, ಎರಡನೆಯದರಲ್ಲಿ ಈಗಿನ ಮಾತ್ರೆಗಳು, ಮೂರನೆಯದರಿಂದ ಒಂದೊಂದು ತಪಾಸಣೆಗೆ ಒಂದೊಂದು ಪುಟ. ಕೊನೆಯ ಪುಟ ಖಾಲಿ ಬಿಡಿ. ಅದರ ವಿಷಯ ಆಮೇಲೆ ಹೇಳುತ್ತೇನೆ.

• ಕಳೆದ ಸಲದಿಂದ ಈಚೆಗೆ ಏನೇನು ಬದಲಾಯಿತು ಎಂಬುದನ್ನು ಬಸ್ಸಿನಲ್ಲೇ ಬರೆದುಕೊಳ್ಳಿ. ಹೊಸ ಮಾತ್ರೆ, ತಲೆ ತಿರುಗಿದ ದಿನ, ಆಸ್ಪತ್ರೆ ಸೇರಿದ್ದು, ಮೆಟ್ಟಿಲಲ್ಲಿ ಎಲ್ಲಿ ನಿಲ್ಲಬೇಕಾಯಿತು ಎಲ್ಲವನ್ನೂ. ಡಾಕ್ಟರ ಎದುರು ಕೂತೊಡನೆ ನಮಗೆಲ್ಲ ‘ಚೆನ್ನಾಗಿದ್ದೀನಿ ಸಾರ್’ ಎನ್ನುವ ಕೆಟ್ಟ ಅಭ್ಯಾಸ.

• ಎಷ್ಟು ದಿನಕ್ಕೊಮ್ಮೆ ಎಂಬ ಲೆಕ್ಕ ಇಟ್ಟುಕೊಳ್ಳಿ. ಹಾಕಿಸಿಕೊಂಡ ಎರಡು ವಾರದಿಂದ ಮೂರು ತಿಂಗಳೊಳಗೆ ಒಮ್ಮೆ. ಆಮೇಲೆ ಪೇಸ್‌ಮೇಕರ್‌ಗೆ 6ರಿಂದ 12 ತಿಂಗಳಿಗೊಮ್ಮೆ, ಐಸಿಡಿ ಮತ್ತು ಸಿಆರ್‌ಟಿಗೆ 3ರಿಂದ 6 ತಿಂಗಳಿಗೊಮ್ಮೆ. ಬ್ಯಾಟರಿ ತಳ ಕಂಡಾಗ ತಿಂಗಳು, ಮೂರು ತಿಂಗಳಿಗೊಮ್ಮೆ. ಇದು ಸಾಮಾನ್ಯ ಲೆಕ್ಕ. ಜೊತೆಗೆ ಬೇರೆ ಕಾಯಿಲೆ ಇದ್ದವರು ಹತ್ತಿರದ ಗಡುವನ್ನೇ ಹಿಡಿಯುವುದು ಲೇಸು.

ತಪಾಸಣೆಯ ಮಂಚದ ಮೇಲೆ

• ಹೆದರಬೇಡಿ, ಸೂಜಿ ಇಲ್ಲ, ನೋವಿಲ್ಲ. ಬ್ಯಾಟರಿಯ ಮೇಲ್ಭಾಗದ ಚರ್ಮದ ಮೇಲೆ ಕಂಪ್ಯೂಟರ್ ಮೌಸಿನಂಥದ್ದನ್ನು ಇಟ್ಟು ಓದುತ್ತಾರೆ. ನಡುವೆ ಅರೆಗಳಿಗೆ ಬಡಿತದ ವೇಗ ಹೆಚ್ಚಿಸುತ್ತಾರೆ, ತಗ್ಗಿಸುತ್ತಾರೆ. ಆಗ ಎದೆ ಧಡಧಡ ಎನ್ನಬಹುದು, ತಲೆ ಹಗುರವಾದಂತೆ ಆಗಬಹುದು. ಬೈಪಾಸ್ ಆದವರು, ಎದೆನೋವು ಬರುವವರು ಅದನ್ನು ಶುರುವಿನಲ್ಲೇ ಹೇಳಿ. ನೋವೋ ತಲೆಸುತ್ತೋ ಬಂದರೆ ಹಲ್ಲು ಕಚ್ಚಿ ಮಲಗಬೇಡಿ, ಕೂಡಲೇ ಹೇಳಿ.

• ಆರು ಅಂಕಿ ಬರೆಸಿಕೊಂಡೇ ಏಳಿ. ‘ನಾರ್ಮಲ್’ ಎಂಬುದು ಅಂಕಿಯಲ್ಲ.

ಒಂದು, ಬ್ಯಾಟರಿ: ಇನ್ನೆಷ್ಟು ವರ್ಷ ಅಥವಾ ತಿಂಗಳು.

ಎರಡು, ಲೀಡಿನ ಇಂಪೆಡೆನ್ಸ್, ಓಮ್‌ಗಳಲ್ಲಿ. ಲೀಡ್ ಎಂದರೆ ಬ್ಯಾಟರಿಯಿಂದ ಹೃದಯಕ್ಕೆ ಹೋಗುವ ತಂತಿ. ಇದು ನಮ್ಮ ಲೈನ್‌ಮನ್ ಲೆಕ್ಕವೇ. ಓಮ್ ದಿಢೀರನೆ ಕುಸಿದರೆ ತಂತಿಯ ಮೇಲಿನ ಇನ್ಸುಲೇಷನ್ ಹರಿದು ಕರೆಂಟು ಸೋರುತ್ತಿರಬಹುದು. ದಿಢೀರನೆ ಏರಿದರೆ ತಂತಿ ಒಳಗೇ ತುಂಡಾಗಿರಬಹುದು ಅಥವಾ ಸ್ಕ್ರೂ ಸಡಿಲಾಗಿರಬಹುದು.

ಮೂರು, ಥ್ರೆಶೋಲ್ಡ್: ಗುಂಡಿಗೆಯನ್ನು ಒಂದು ಸಲ ಬಡಿಸಲು ಬೇಕಾದ ಕನಿಷ್ಠ ವೋಲ್ಟೇಜು. ಇದು ಏರುತ್ತಾ ಹೋದರೆ ಬ್ಯಾಟರಿ ಬೇಗ ಸವೆಯುತ್ತದೆ. ಮಿಷನ್ ಹೊಡೆದರೂ ಹೃದಯ ಏಳದಿರುವ ಅಪಾಯವೂ ಇದೆ.

ನಾಲ್ಕು, ಸೆನ್ಸಿಂಗ್: ಹೃದಯ ತಾನಾಗಿ ಬಡಿದಾಗ ಯಂತ್ರಕ್ಕೆ ಅದು ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂಬುದು, ಮಿಲಿವೋಲ್ಟ್‌ಗಳಲ್ಲಿ.

ಐದು, ಪೇಸಿಂಗ್ ಶೇಕಡಾವಾರು: ಮೇಲುಕೋಣೆ ಎಷ್ಟು, ಕೆಳಕೋಣೆ ಎಷ್ಟು, ಬೇರೆಬೇರೆಯಾಗಿ.

ಆರು, ದಾಖಲೆ: ವೇಗದ ಬಡಿತ ಎಷ್ಟು ಸಲ ಬಂತು, ಅತಿ ಉದ್ದದ್ದು ಎಷ್ಟು ಹೊತ್ತು.

• ಅಂಕಿಗಿಂತ ಅದರ ನಡಿಗೆ ಮುಖ್ಯ. ಒಂದು ತಿಂಗಳ ಬಿಲ್ಲು ನೋಡಿದರೆ ಏನೂ ತಿಳಿಯುವುದಿಲ್ಲ, ಆರು ತಿಂಗಳದ್ದನ್ನು ಪಕ್ಕಪಕ್ಕ ಇಟ್ಟರೆ ಕಳ್ಳ ಸಿಕ್ಕಿಬೀಳುತ್ತಾನೆ. ಹಿಂದಿನ ಪುಟ ತೆರೆದು ‘ಕಳೆದ ಸಲ ಇಷ್ಟಿತ್ತು, ಈಗ ಯಾಕೆ ಹೀಗೆ?’ ಎಂದು ಕೇಳಿ.

• ‘ನಾನು ಈ ಯಂತ್ರವನ್ನೇ ನಂಬಿದವನೋ?’ ಎಂದು ಕೇಳಿ. ಯಂತ್ರವನ್ನು ತಗ್ಗಿಸಿದಾಗ ಕೆಳಗೆ ಸ್ವಂತ ಬಡಿತ ಇದೆಯೋ ಇಲ್ಲವೋ ಅವರಿಗೆ ಕಾಣುತ್ತದೆ. ಸ್ವಂತ ಬಡಿತ ಇಲ್ಲದವರು ಆ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪಿನಲ್ಲಿ ಬರೆಯಿರಿ. ಮುಂದೆ ಯಾವುದೇ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರು ಮೊದಲು ಕೇಳುವುದು ಅದನ್ನೇ.

• ಸೆಟ್ಟಿಂಗ್ ಏನಾದರೂ ಬದಲಿಸಿದರೆ ‘ಏನು, ಯಾಕೆ’ ಎರಡನ್ನೂ ಬರೆಸಿಕೊಳ್ಳಿ. ತಪಾಸಣೆ ಮಾಡುವವರು ಎಷ್ಟೋ ಕಡೆ ಕಂಪನಿಯ ತಂತ್ರಜ್ಞರು. ಮಿಷನ್ ವಿಷಯದಲ್ಲಿ ಅವರು ಗಟ್ಟಿ, ಆದರೆ ನಿಮ್ಮ ಸಕ್ಕರೆ, ಕಿಡ್ನಿ, ವಾಲ್ವಿನ ಕತೆ ಅವರಿಗೆ ಗೊತ್ತಿರುವುದಿಲ್ಲ. ಚೀಟಿ ಹಿಡಿದು ನಿಮ್ಮ ಹೃದ್ರೋಗ ತಜ್ಞರ ಮೇಜಿನವರೆಗೆ ಹೋಗಿ. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ಗಾಡಿಯಲ್ಲಿ ಕೂತವನ ಗತಿ ಏನು? ಇಬ್ಬರನ್ನೂ ಒಂದೇ ದಾರಿಗೆ ತರಬೇಕಾದವರು ನೀವೇ.

ಜೊತೆಗೆ ಇನ್ನೊಂದು ಕಾಯಿಲೆ ಇದ್ದರೆ

• ಬೈಪಾಸ್, ಸ್ಟೆಂಟ್ ಆದವರಿಗೆ: ಪೇಸ್‌ಮೇಕರ್ ಹಾರ್ಟ್ ಅಟ್ಯಾಕ್ ತಡೆಯುವುದಿಲ್ಲ. ಎದೆನೋವು ಬಂದರೆ ‘ಮಿಷನ್ ಇದೆಯಲ್ಲ’ ಎಂದು ಕೂರಬೇಡಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ ‘ನನಗೆ ಪೇಸ್‌ಮೇಕರ್ ಇದೆ’ ಎಂಬುದಾಗಿರಲಿ. ಯಂತ್ರ ಬಡಿಸುವಾಗ ಇಸಿಜಿ ಗೆರೆ ಬೇರೆಯಾಗಿರುತ್ತದೆ, ಅಟ್ಯಾಕಿನ ಗುರುತು ಅದರಲ್ಲಿ ಮುಚ್ಚಿಹೋಗಬಹುದು. ಆಗ ರಕ್ತದ ಟ್ರೋಪೋನಿನ್ ಪರೀಕ್ಷೆ, ಎಕೋ ಕೈಹಿಡಿಯುತ್ತವೆ.

• ಹತ್ತುವಾಗ ಎದೆ ಹಿಡಿಯುವವರಿಗೆ: ನಾವು ನಡೆದಾಗ ಬಡಿತ ಏರಿಸುವ ಸೌಲಭ್ಯ ಎಷ್ಟೋ ಪೇಸ್‌ಮೇಕರ್‌ಗಳಲ್ಲಿದೆ. ಕಿರಿದಾದ ರಕ್ತನಾಳಕ್ಕೆ ಆ ವೇಗ ಭಾರವಾಗಬಹುದು. ನೋವು ಯಾವಾಗ, ಎಷ್ಟನೇ ಮೆಟ್ಟಿಲಿಗೆ ಬರುತ್ತದೆ ಎಂದು ಹೇಳಿ. ಮೇಲಿನ ಮಿತಿ ತಗ್ಗಿಸಲು ಬರುತ್ತದೆ.

• ಮಾತ್ರೆ ನಿಲ್ಲಿಸಬೇಡಿ. ನಮ್ಮ ನೆಂಟರೊಬ್ಬರು ಪೇಸ್‌ಮೇಕರ್ ಬಂದ ಮಾರನೇ ತಿಂಗಳೇ ‘ಇನ್ನು ಎಲ್ಲ ಮಿಷನ್ನೇ ನೋಡಿಕೊಳ್ಳುತ್ತೆ’ ಎಂದು ಬಿ.ಪಿ. ಮಾತ್ರೆ, ಬೀಟಾ ಬ್ಲಾಕರ್ ಎರಡನ್ನೂ ಬಿಟ್ಟರು. ನಿಜ ಸಂಗತಿ ಉಲ್ಟಾ. ಬಡಿತ ತೀರಾ ತಗ್ಗೀತು ಎಂಬ ಭಯಕ್ಕೆ ಮೊದಲು ಕೊಡಲಾಗದಿದ್ದ ಬೀಟಾ ಬ್ಲಾಕರನ್ನು ಪೇಸ್‌ಮೇಕರ್ ಬಂದ ಮೇಲೆ ಧೈರ್ಯವಾಗಿ ಕೊಡುತ್ತಾರೆ. ಮಿಷನ್ ಬಂದದ್ದು ಮಾತ್ರೆಗೆ ಬದಲಾಗಿ ಅಲ್ಲ, ಮಾತ್ರೆಗೆ ಒತ್ತಾಸೆಯಾಗಿ.

• ಏಟ್ರಿಯಲ್ ಫಿಬ್ರಿಲೇಷನ್ (ಎಎಫ್) ಇರುವವರಿಗೆ: ಅದು ಮೇಲುಕೋಣೆ ತಾಳ ತಪ್ಪಿ ನಡುಗುವ ಕಾಯಿಲೆ. ನನಗೆ ಏನೂ ತಿಳಿದಿರಲಿಲ್ಲ. 2018ರ ತಪಾಸಣೆಯಲ್ಲಿ ಗಂಟೆಗಟ್ಟಲೆ ಹಾಗೆ ನಡೆದದ್ದು ಪೇಸ್‌ಮೇಕರಿನ ನೆನಪಿನಲ್ಲಿ ಸಿಕ್ಕಿತು. ನಡುಗುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹಾರಿದರೆ ಲಕ್ವ. ಪೇಸ್‌ಮೇಕರ್ ಇದನ್ನು ಬರೆದಿಡುತ್ತದೆ, ಗುಣ ಮಾಡುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ಬೇಕೇ ಎಂಬುದನ್ನು ಆ ಹೊತ್ತಿನ ಉದ್ದ, ವಯಸ್ಸು, ಸಕ್ಕರೆ, ಬಿ.ಪಿ., ಹಿಂದೆ ಲಕ್ವ ಆಗಿತ್ತೇ ಎಂಬುದನ್ನೆಲ್ಲ ತೂಗಿ ಡಾಕ್ಟರು ತೀರ್ಮಾನಿಸುತ್ತಾರೆ. ‘ದಾಖಲೆಯಲ್ಲಿ ಎಎಫ್ ಇದೆಯೇ, ಎಷ್ಟು ಹೊತ್ತು?’ ಎಂದು ಪ್ರತಿ ಸಲ ಕೇಳಿ.

• ರಕ್ತ ತೆಳು ಮಾಡುವ ವಾರ್ಫರಿನ್ ನುಂಗುವವರಿಗೆ: ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆಯನ್ನು ಪೇಸ್‌ಮೇಕರ್ ತಪಾಸಣೆಯ ದಿನಕ್ಕೇ ಜೋಡಿಸಿಕೊಂಡರೆ ಒಂದು ಪ್ರಯಾಣ ಉಳಿಯುತ್ತದೆ, ಹಾಗೆಂದು ಅಷ್ಟೇ ಸಾಕು ಎಂದುಕೊಳ್ಳಬೇಡಿ, ಅದರ ಗಡುವು ಬೇರೆ. ಎಎಫ್‌ಗೆ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಲೋಹದ ವಾಲ್ವ್ ಇದ್ದವರಿಗೆ ಗುರಿ ಇನ್ನೂ ಮೇಲಿರಬಹುದು. ಸೊಪ್ಪು ತಿನ್ನಲೇಬಾರದು ಎನ್ನುವುದು ತಪ್ಪು. ಒಂದು ವಾರ ಮಸ್ಸೊಪ್ಪು, ಇನ್ನೊಂದು ವಾರ ಬರೀ ಬೇಳೆಸಾರು ಎಂದು ಏರುಪೇರು ಮಾಡಬೇಡಿ, ಒಂದೇ ಸಮನಾಗಿ ತಿನ್ನಿ.

• ಹೃದಯ ದುರ್ಬಲವಾದವರಿಗೆ: ನನ್ನ ಪಾಠ ಇಲ್ಲಿದೆ. ಪೇಸ್‌ಮೇಕರ್ ಬರೀ ಬಲ ಕೆಳಕೋಣೆಯನ್ನೇ ಹೆಚ್ಚು ಹೊತ್ತು ಬಡಿಸಿದರೆ, ಎಡಕೋಣೆ ಅರೆಗಳಿಗೆ ತಡವಾಗಿ ಹಿಂಬಾಲಿಸುತ್ತದೆ. ಜೋಡಿ ಎತ್ತುಗಳಲ್ಲಿ ಒಂದು ಮೊದಲು, ಒಂದು ಆಮೇಲೆ ಹೆಜ್ಜೆ ಇಟ್ಟ ಹಾಗೆ. ಎಲ್ಲರಿಗೂ ಅಲ್ಲ, ಕೆಲವರಿಗೆ ವರ್ಷಗಳಲ್ಲಿ ಪಂಪಿಂಗ್ ಕುಗ್ಗುತ್ತದೆ. ಕೆಳಕೋಣೆಯ ಪೇಸಿಂಗ್ ಶೇ. 20 ದಾಟಿದವರು ‘ಎಕೋ ಯಾವಾಗ ಮಾಡಿಸಲಿ?’ ಎಂದು ಕೇಳಿ. ನಾನಂತೂ ಈಗ ವರ್ಷಕ್ಕೊಮ್ಮೆ ತಪ್ಪಿಸುವುದಿಲ್ಲ.

• ಸಿಆರ್‌ಟಿ ಹಾಕಿಸಿಕೊಂಡವರಿಗೆ ಲೆಕ್ಕ ತಿರುಗುಮುರುಗು. 2022ರಲ್ಲಿ ನನ್ನ ಬ್ಯಾಟರಿ ಬದಲಿಸುವಾಗ ಎಡಕೋಣೆಗೂ ಒಂದು ಲೀಡ್ ಸೇರಿಸಿ ಸಿಆರ್‌ಟಿ ಮಾಡಿದರು. ಎರಡೂ ಕೋಣೆ ಜೊತೆಯಾಗಿ ಬಡಿಯುವುದು ಹೆಚ್ಚಿದಷ್ಟೂ ಒಳ್ಳೆಯದು, ನೂರಕ್ಕೆ ಹತ್ತಿರ ಇರಬೇಕು. ನನ್ನ ಚೀಟಿಯಲ್ಲಿ ಈಗಲೂ ಅದೇ 98. ಅಂದು ನನ್ನನ್ನು ಕೆಡವಿದ ಅಂಕಿಯೇ ಇಂದು ನನ್ನನ್ನು ನಡೆಸುತ್ತಿದೆ. ಪಕ್ಕದ ಮಂಚದವರ ಅಂಕಿಯ ಜೊತೆ ನಿಮ್ಮದನ್ನು ಹೋಲಿಸಬೇಡಿ ಎನ್ನುವುದು ಇದಕ್ಕೇ. ಇನ್ನೊಂದು ಮಾತು: ಎಎಫ್ ಹೆಚ್ಚಾದರೆ ಸಿಆರ್‌ಟಿಯ ಶೇಕಡಾವಾರು ಕುಸಿಯುತ್ತದೆ, ಎರಡನ್ನೂ ಒಟ್ಟಿಗೆ ನೋಡಬೇಕು.

• ವಾಲ್ವ್ ಕಾಯಿಲೆ, ಕೃತಕ ವಾಲ್ವ್ ಇರುವವರಿಗೆ: ಮೂರ್ನಾಲ್ಕು ದಿನ ಬಿಡದೆ ಚಳಿಜ್ವರ ಬಂದರೆ ಮೆಡಿಕಲ್ ಶಾಪಿನಲ್ಲಿ ಆಂಟಿಬಯಾಟಿಕ್ ಕೇಳಿ ನುಂಗಬೇಡಿ. ವಾಲ್ವಿಗೋ ಲೀಡಿಗೋ ಸೋಂಕು ತಗುಲಿದ್ದರೆ ರಕ್ತದ ಕಲ್ಚರಿನಲ್ಲಿ ತಿಳಿಯಬೇಕು. ಮೊದಲೇ ಮಾತ್ರೆ ನುಂಗಿದರೆ ಕುರುಹು ಅಳಿಸಿಹೋಗಬಹುದು. ಹಲ್ಲು ಕೀಳಿಸುವ ಮುನ್ನ ಕೃತಕ ವಾಲ್ವ್ ಇದ್ದವರಿಗೆ ಆಂಟಿಬಯಾಟಿಕ್ ಬೇಕು. ಬರೀ ಪೇಸ್‌ಮೇಕರ್ ಇದ್ದರೆ ಅದಕ್ಕಾಗಿ ಬೇಡ. ಎರಡೂ ಇದ್ದವರು ದಂತವೈದ್ಯರಿಗೆ ಎರಡನ್ನೂ ಹೇಳಿ.

• ಕಿಡ್ನಿ ತೊಂದರೆ ಇರುವವರಿಗೆ: ಪೊಟ್ಯಾಸಿಯಂ ತೀರಾ ಏರಿದರೆ ಥ್ರೆಶೋಲ್ಡ್ ಏರುತ್ತದೆ, ಮಿಷನ್ ಹೊಡೆದರೂ ಹೃದಯ ಏಳದೆ ಹೋಗಬಹುದು. ನಮ್ಮದು ತೆಂಗಿನ ಸೀಮೆ, ಬೇಸಿಗೆಯಲ್ಲಿ ದಿನಕ್ಕೆ ಮೂರು ಎಳನೀರು ಕುಡಿಯುವುದು ವಾಡಿಕೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ಕಿಡ್ನಿ ಸೋತವರು, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ನುಂಗುವವರು ಎಷ್ಟು ಕುಡಿಯಬಹುದು ಎಂದು ಕೇಳಿಯೇ ಕುಡಿಯಿರಿ. ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತಿಗೂ ‘ಯಾರ ಆರೋಗ್ಯಕ್ಕೆ’ ಎಂಬ ಪ್ರಶ್ನೆ ಇದೆ.

• ತಾಳ ತಿದ್ದುವ ಮಾತ್ರೆ ನುಂಗುವವರಿಗೆ: ಫ್ಲೆಕನೈಡ್‌ನಂಥವು ಥ್ರೆಶೋಲ್ಡ್ ಏರಿಸಬಲ್ಲವು. ಹೊಸದಾಗಿ ಶುರು ಮಾಡಿದರೆ ಮಿಷನ್ ನೋಡುವವರಿಗೆ ತಿಳಿಸಿ. ಅಮಿಯೋಡರೋನ್ ಆದರೆ ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಲಿವರ್ ಪರೀಕ್ಷೆ ಮರೆಯಬೇಡಿ.

• ಐಸಿಡಿ ಇರುವವರಿಗೆ: ಒಂದು ಶಾಕ್ ಬಂದು, ಆಮೇಲೆ ಎಂದಿನಂತೆ ಇದ್ದರೂ ಅದೇ ದಿನ ಆಸ್ಪತ್ರೆಗೆ ತಿಳಿಸಿ. ಒಂದರ ಹಿಂದೆ ಒಂದು ಬಂದರೆ, ಅಥವಾ ಒಂದೇ ಬಂದರೂ ಎದೆನೋವು, ಉಸಿರುಗಟ್ಟು ಇದ್ದರೆ 108.

ಎರಡು ತಪಾಸಣೆಗಳ ನಡುವೆ

• ಬೆಳಿಗ್ಗೆ ಎದ್ದು, ಕಾಫಿಗೆ ಮೊದಲು, ನಾಡಿ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಚುರುಕುತನ ಬೇಡ, ಪೂರಾ ಒಂದು ನಿಮಿಷ ಎಣಿಸಿ. ನಿಮ್ಮ ಯಂತ್ರದ ಕೆಳಮಿತಿ 60 ಎಂದಿಟ್ಟರೆ ಅದಕ್ಕಿಂತ ತೀರಾ ಕಡಿಮೆ ಸಿಗಬಾರದು. ಆದರೆ ಕೆಲವು ಯಂತ್ರಗಳು ನಿದ್ದೆಯ ಹೊತ್ತಿಗೆ ತಾವೇ ತಗ್ಗುತ್ತವೆ. ಇನ್ನು ಕೆಲವರಲ್ಲಿ ನಡುವೆ ಹಾರಿಬರುವ ಬಡಿತ ಕೈಗೆ ಸಿಗುವುದೇ ಇಲ್ಲ. ಆಗ ಮಿಷನ್ ಸರಿಯಿದ್ದೂ ಎಣಿಕೆ ಕಡಿಮೆ ಬರುತ್ತದೆ. ಒಮ್ಮೆ ಕಡಿಮೆ ಬಂದರೆ ಗಾಬರಿಯಾಗದೆ ಮತ್ತೆ ಎಣಿಸಿ. ಮತ್ತೆಮತ್ತೆ ಕಡಿಮೆ ಬಂದರೆ, ತಲೆ ಸುತ್ತಿದರೆ ಕಾಯಬೇಡಿ.

• ತೂಕ ನೋಡಿ. ಹೃದಯ ದುರ್ಬಲವಾದವರಿಗೆ ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಮುದ್ದೆಯ ತೂಕವಲ್ಲ, ಮೈಯಲ್ಲಿ ನಿಂತ ನೀರಿನದು. ಚಪ್ಪಲಿ ಬಿಗಿಯಾಗುವವರೆಗೆ ಕಾಯ್ದು ನಾನು ಮಾಡಿದ ತಪ್ಪು ನೀವು ಮಾಡಬೇಡಿ.

• ಬ್ಯಾಟರಿ ಇರುವ ಜಾಗವನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಕೆಂಪಾದರೆ, ಬಿಸಿಯಾದರೆ, ಚರ್ಮ ತೆಳುವಾಗಿ ಹೊಳೆದರೆ, ಒಸರಿದರೆ ಹಾಕಿಸಿದ ಆಸ್ಪತ್ರೆಗೇ ಹೋಗಿ. ಅರಿಶಿನ ಬೇಡ, ಬೂದಿ ಬೇಡ. ಸಣ್ಣ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿ ಕೀವು ತೆಗೆಯಲು ಖಂಡಿತ ಬಿಡಬೇಡಿ. ಹೊರಗಿನ ಸೋಂಕನ್ನು ನಾವೇ ಒಳಗೆ ಕರೆದಂತೆ. ಸಕ್ಕರೆ ಕಾಯಿಲೆಯವರು ಇನ್ನೂ ಹೆಚ್ಚು ಎಚ್ಚರ.

• ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಇದು ಡಾಕ್ಟರ ಚೀಟಿಯಲ್ಲಿ ಇರುವುದಿಲ್ಲ, ಲೈನ್‌ಮನ್ ಬಾಯಲ್ಲೇ ಬರಬೇಕು. ಗೀಸರಿನ ನಲ್ಲಿ, ವಾಷಿಂಗ್ ಮಿಷನ್, ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿದರೆ ಜುಮ್ ಎನ್ನುವ ಮನೆಗಳು ನಮ್ಮಲ್ಲಿ ಎಷ್ಟೋ. ಬೇರೆಯವರಿಗೆ ಅದು ಬರೀ ಜುಮ್. ನಮ್ಮ ಪೇಸ್‌ಮೇಕರ್ ಆ ಸೋರುವ ಕರೆಂಟನ್ನೇ ಹೃದಯದ ಬಡಿತ ಎಂದು ತಿಳಿದು ತನ್ನ ಕೆಲಸ ನಿಲ್ಲಿಸಿಬಿಡಬಹುದು. ಅರ್ಥಿಂಗ್ ಗುಂಡಿಗೆ ಕಾಲಕಾಲಕ್ಕೆ ನೀರು ಹಾಕಿ, ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಇಎಲ್‌ಸಿಬಿ ಹಾಕಿಸಿ.

• ಉಳಿದ ಯಂತ್ರಗಳ ಬಗ್ಗೆ ಅತಿ ಭಯ ಬೇಡ. ಮೊಬೈಲು 15 ಸೆಂಟಿಮೀಟರ್ ದೂರ ಇರಲಿ, ಎಡಗಡೆ ಮಿಷನ್ ಇದ್ದರೆ ಬಲಗಿವಿಗೆ ಹಿಡಿಯಿರಿ, ಎಡಜೇಬಿನಲ್ಲಿ ಇಡಬೇಡಿ. ಇಂಡಕ್ಷನ್ ಒಲೆಯಿಂದ 60 ಸೆಂಟಿಮೀಟರ್ ದೂರ. ಮೆಟ್ರೋ, ಮಾಲ್, ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಲ್ಲದೆ ದಾಟಿ. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಮೇಲೆ ಆಡಿಸಬೇಡಿ ಎಂದು ಕಾರ್ಡು ತೋರಿಸಿ. ಟಿ.ವಿ., ಮಿಕ್ಸಿ, ಫ್ರಿಜ್ಜು ಏನೂ ಮಾಡುವುದಿಲ್ಲ. ಆರ್ಕ್ ವೆಲ್ಡಿಂಗಿನ ಹತ್ತಿರ ಸುಳಿಯಬೇಡಿ.

• ಎಂಆರ್‌ಐ, ಪ್ರಾಸ್ಟೇಟ್ ಆಪರೇಷನ್, ಫಿಸಿಯೋಥೆರಪಿಯ ಕರೆಂಟು, ಕ್ಯಾನ್ಸರಿನ ರೇಡಿಯೇಷನ್ ಇವಕ್ಕೆ ಮೊದಲು ಮಿಷನ್ ತಪಾಸಣೆಯವರಿಗೆ ಹೇಳಿ. ಎಷ್ಟೋ ಸಲ ಮೊದಲೂ ಆಮೇಲೂ ಸೆಟ್ಟಿಂಗ್ ನೋಡಬೇಕಾಗುತ್ತದೆ. ‘ಎಂಆರ್‌ಐಗೆ ಹೊಂದುತ್ತದೆ’ ಎಂಬ ಮಾತು ಬ್ಯಾಟರಿಗೂ ಲೀಡಿಗೂ ಎರಡಕ್ಕೂ ಅನ್ವಯಿಸಬೇಕು. ಹೊಸ ಬ್ಯಾಟರಿಗೆ ಹಳೆಯ ಲೀಡ್ ಜೋಡಿಸಿದ್ದರೆ ಅದನ್ನು ಹೇಳಿ.

ಬ್ಯಾಟರಿ ಮುಗಿಯುವ ಹೊತ್ತಿಗೆ

• ದಿಢೀರ್ ನಿಂತುಹೋಗುತ್ತದೆ ಎಂಬ ಭಯ ಬಿಡಿ. ನಿಮಿಷಕ್ಕೆ 70ರ ಲೆಕ್ಕದಲ್ಲಿ ದಿನಕ್ಕೆ ಒಂದು ಲಕ್ಷದ ಮೇಲೆ ಬಡಿತ. ಅಷ್ಟು ದುಡಿದೂ ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ. ಸಿಆರ್‌ಟಿ, ಐಸಿಡಿಗಳದ್ದು ಬೇಗ ಮುಗಿಯಬಹುದು. ‘ಬದಲಿಸುವ ಸಮಯ ಬಂತು’ ಎಂಬ ಎಚ್ಚರಿಕೆ ಬಂದ ಮೇಲೂ ಸಾಮಾನ್ಯವಾಗಿ ಮೂರು ತಿಂಗಳಷ್ಟು ಸಮಯ ಇರುತ್ತದೆ. ಹಾಗೆಂದು ಕೊಬ್ಬರಿಗೆ ರೇಟು ಬರಲಿ, ಮಗಳ ಮದುವೆ ಮುಗಿಯಲಿ ಎಂದು ಮುಂದೂಡಬೇಡಿ.

• ಆ ಹೊತ್ತಿನಲ್ಲಿ ಕೆಲವು ಯಂತ್ರಗಳು ಕರೆಂಟು ಉಳಿಸಲು ಎರಡು ಕೋಣೆಯ ಕೆಲಸ ಬಿಟ್ಟು ಒಂದೇ ಕೋಣೆಯನ್ನು ಒಂದೇ ವೇಗದಲ್ಲಿ ಬಡಿಸುತ್ತವೆ. ಹೃದಯ ದುರ್ಬಲವಾದವರಿಗೆ ಕಾರಣವಿಲ್ಲದೆ ಸುಸ್ತು, ಏದುಸಿರು ಬಂದರೆ ಅದೂ ಒಂದು ಸುಳಿವು.

• ಬ್ಯಾಟರಿ ಬದಲಿಸುವಾಗ ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ವಾರ್ಫರಿನ್ ನಿಲ್ಲಿಸಿ ಹೆಪಾರಿನ್ ಕೊಡುವುದಕ್ಕಿಂತ ವಾರ್ಫರಿನ್ ಮುಂದುವರಿಸಿದರೇ ಗಾಯದಲ್ಲಿ ರಕ್ತ ಕಟ್ಟುವುದು ಕಡಿಮೆ ಎಂದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಹೊಸ ಬಗೆಯ ಮಾತ್ರೆಗಳ ನಿಯಮ ಬೇರೆ. ಯಾವ ದಿನ ನುಂಗಬೇಕು, ಯಾವ ದಿನ ಬಿಡಬೇಕು ಎಂದು ಬರೆಸಿಕೊಳ್ಳಿ.

• ಬದಲಿಸುವುದಕ್ಕೆ ಮೊದಲು ‘ಅದೇ ಬಗೆಯದ್ದೇ ಸಾಕೇ, ಈಗಿನ ನನ್ನ ಹೃದಯಕ್ಕೆ ಬೇರೆ ಬೇಕೇ?’ ಎಂದು ಕೇಳಿ, ಎಕೋ ತೋರಿಸಿ. ಹತ್ತು ವರ್ಷದ ಹಿಂದಿನ ಮನೆಗೆ ಹಾಕಿದ ಫ್ಯೂಸ್ ಇಂದಿನ ಲೋಡಿಗೆ ಸಾಲುತ್ತದೆಯೇ ಎಂದು ನೋಡಬೇಡವೇ?

• ‘ಇದನ್ನು ಇಟ್ಟುಕೊಂಡು ಎಷ್ಟು ದಿನ ಬದುಕಿಯೇನು?’ ಎಂದು ಕೊರಗುವವರಿಗೆ ಆರ್ನೆ ಲಾರ್ಸನ್ ಕತೆ ಹೇಳುತ್ತೇನೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಆತನ ಮೈಯೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಇಟ್ಟರು. ಮಾಡಿದವರು ಎಂಜಿನಿಯರ್ ರೂನ್ ಎಲ್ಮ್‌ಕ್ವಿಸ್ಟ್, ಇಟ್ಟವರು ಸರ್ಜನ್ ಓಕೆ ಸೆನ್ನಿಂಗ್. ಆ ಮೊದಲನೆಯದು ಕೆಲವೇ ಗಂಟೆ ಓಡಿತು. ಆಮೇಲೆ 20ಕ್ಕೂ ಹೆಚ್ಚು ಸಲ ಬದಲಿಸಿಕೊಂಡು ಆತ 2001ರವರೆಗೆ, 86 ವರ್ಷ ಬದುಕಿದ. ಎಂಜಿನಿಯರೂ ಸರ್ಜನ್ನೂ ಆತನಿಗಿಂತ ಮೊದಲೇ ಹೋದರು. ಕೊನೆಗೆ ಆತನನ್ನು ಒಯ್ದದ್ದು ಹೃದಯವಲ್ಲ, ಕ್ಯಾನ್ಸರ್.

ನೋಟ್‌ಬುಕ್ಕಿನ ಕೊನೆಯ ಪುಟ

• ಖಾಲಿ ಬಿಡಿ ಎಂದೆನಲ್ಲ, ಅದು ಮಕ್ಕಳಿಗಾಗಿ. ಪೇಸ್‌ಮೇಕರ್ ಇದ್ದವರಿಗೆ ಸಾವೇ ಬರುವುದಿಲ್ಲ, ಮಿಷನ್ ಪ್ರಾಣ ಬಿಡಲು ಬಿಡುವುದಿಲ್ಲ ಎಂಬ ಮಾತು ಹಳ್ಳಿಗಳಲ್ಲಿದೆ. ಅದು ಸುಳ್ಳು. ಹೃದಯದ ಮಾಂಸವೇ ಸ್ಪಂದಿಸದಾಗ ಮಿಷನ್ ಎಷ್ಟು ತಟ್ಟಿದರೂ ಬಾಗಿಲು ತೆರೆಯುವುದಿಲ್ಲ. ಐಸಿಡಿ ಇದ್ದವರು ಮಾತ್ರ, ಕೊನೆಯ ದಿನಗಳಲ್ಲಿ ಶಾಕ್ ಬೇಕೋ ಬೇಡವೋ ಎಂಬುದನ್ನು ಬುದ್ಧಿ ನೆಟ್ಟಗಿರುವಾಗಲೇ ಡಾಕ್ಟರ ಬಳಿ ಮಾತಾಡಿ ಬರೆದಿಡಿ. ಪೇಸಿಂಗ್ ಹಾಗೇ ಉಳಿಸಿ ಶಾಕ್ ಮಾತ್ರ ಆರಿಸಲು ಬರುತ್ತದೆ.

• ಮೃತದೇಹವನ್ನು ಸುಡುವ ಪದ್ಧತಿ ಇರುವ ಮನೆಯವರು ಇದನ್ನು ತಿಳಿದಿರಲೇಬೇಕು: ಚಿತೆಯ ಬಿಸಿಗೆ ಪೇಸ್‌ಮೇಕರಿನ ಬ್ಯಾಟರಿ ಸಿಡಿಯುತ್ತದೆ. ಸೌದೆಯಾದರೂ ಅಷ್ಟೇ, ವಿದ್ಯುತ್ ಚಿತಾಗಾರವಾದರೂ ಅಷ್ಟೇ. ಹತ್ತಿರ ನಿಂತವರಿಗೆ ಅಪಾಯ. ಮೊದಲೇ ಆಸ್ಪತ್ರೆಯವರಿಂದ ತೆಗೆಸಬೇಕು. ದುಃಖದ ಮನೆಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ, ನೆನಪಾದರೂ ಹೇಳಲು ಬಾಯಿ ಬರುವುದಿಲ್ಲ. ಆದ್ದರಿಂದ ನಾವೇ ಹೇಳಿಹೋಗಬೇಕು.

ಮೂವತ್ತೇಳು ವರ್ಷ ಕಂಬ ಹತ್ತುವ ಹುಡುಗರಿಗೆ ನಾನು ಹೇಳುತ್ತಿದ್ದ ಮಾತು ಒಂದೇ: ಲೈನ್ ಆಫ್ ಆಗಿದೆ ಎಂದು ಯಾರೋ ಹೇಳಿದರೆಂದು ಕೈ ಇಡಬೇಡ, ನೀನೇ ಟೆಸ್ಟರ್ ಹಚ್ಚಿ ನೋಡು. ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲೂ ಹಾಗೇ ಬರೆದಿದ್ದೇನೆ: ‘ಎದೆಯ ಎಡಗಡೆ ಒಂದು ಮಿಷನ್ ಇದೆ. ತೆಗೆಸಿದ್ದಾರೆ ಎಂದು ಯಾರಾದರೂ ಹೇಳಿದರೂ ಒಮ್ಮೆ ಮುಟ್ಟಿ ನೋಡಿ. ಆಮೇಲೆ ಬೆಂಕಿ.’ ಕೆಳಗೆ ಸಹಿ ಹಾಕಿ, ಮಗನಿಂದಲೂ ಹಾಕಿಸಿದ್ದೇನೆ. ಸಹಿ ಹಾಕುವಾಗ ಅವನು ಹಿಂದಿನ ಪುಟಗಳನ್ನು ಮೊದಲ ಸಲ ತಿರುಗಿಸಿ ನೋಡಿದ. ಬೆರಳು 98ರ ಮೇಲೆ ನಿಂತಿತು. “ಅಪ್ಪ, ಇದು ಒಳ್ಳೇದಾ, ಕೆಟ್ಟದ್ದಾ?” ಎಂದು ಕೇಳಿದ. ಮುಂದಿನ ತಪಾಸಣೆಗೆ ಅವನೇ ಕರೆದುಕೊಂಡು ಹೋಗುತ್ತಾನಂತೆ.